ಕಂಡ ಎತ್ತು, ಕಾಣದ ಕುರಿ

ಚೀನಾ ದೇಶದ ಪೂರ್ವತೀರದ ಷಾಂಡುಂಗ್ ಪ್ರಾಂತದಲ್ಲಿ, ಇಂದಿನ ಜೀಬೊ ನಗರದ ಭಾಗವಾಗಿರುವ ಲಿನ್‌ಜಿ ಎಂಬ ಊರಿನ ದಕ್ಷಿಣಕ್ಕೆ ಒಂದು ಸಣ್ಣ ಬೆಟ್ಟವಿದೆ. ನ್ಯೂಷಾನ್ ಎಂದು ಅದರ ಹೆಸರು. ಎತ್ತಿನ ಬೆಟ್ಟ ಎಂದು ಅರ್ಥ. ಎತ್ತರದಲ್ಲಿ ಅದು ಹೆಸರಾದುದಲ್ಲ. ಆದರೂ ಎರಡು ಸಾವಿರದ ಮುನ್ನೂರು ವರ್ಷಗಳಿಂದ ಚೀನಾದ ವಿದ್ಯಾವಂತರು ಅದರ ಹೆಸರನ್ನು ಹೇಳುತ್ತ ಬಂದಿದ್ದಾರೆ. ಕಾರಣವಿಷ್ಟೆ: ಆ ಬೆಟ್ಟವು ಬೋಳಾಯಿತು; ಬೋಳಾದುದನ್ನು ಕಂಡು ಒಬ್ಬ ಉಪಾಧ್ಯಾಯನು ಚಿಂತಿಸಿದನು.

ಆ ಉಪಾಧ್ಯಾಯನೇ ಮೆನ್ಷಿಯಸ್. ಕನ್‌ಫ್ಯೂಷಿಯಸನು ತೀರಿಕೊಂಡು ಸುಮಾರು ನೂರು ವರ್ಷಗಳಾದ ಮೇಲೆ ಹುಟ್ಟಿ, ಆತನ ಬೋಧೆಯನ್ನು ಹೊತ್ತು ಒಂದು ಆಸ್ಥಾನದಿಂದ ಇನ್ನೊಂದು ಆಸ್ಥಾನಕ್ಕೆ ಅಲೆದವನು. ಆ ಕಾಲಕ್ಕೆ ಲಿನ್‌ಜಿಯು ಚೀ ಎಂಬ ಪ್ರಬಲ ರಾಜ್ಯದ ರಾಜಧಾನಿ. 70,000 ಮನೆಗಳಿದ್ದ ಮಹಾನಗರವೆಂದು ಹಳೆಯ ಗ್ರಂಥವೊಂದು ಅದನ್ನು ವರ್ಣಿಸುತ್ತದೆ. ಅಷ್ಟು ಮನೆಗಳ ಒಲೆಗೆ ಸೌದೆ ಬೇಕು. ತೊಲೆಗೆ, ಬಾಗಿಲಿಗೆ, ಬಂಡಿಗೆ ಮರ ಬೇಕು. ಊರಂಚಿನಲ್ಲಿ ನಿಂತ ಬೆಟ್ಟದ ಗತಿ ಏನಾಗಬೇಕು?

ಮೆನ್ಷಿಯಸನ ಗ್ರಂಥದಲ್ಲಿ ಈ ಬೆಟ್ಟದ ಕಥೆ ಕೆಲವೇ ಸಾಲುಗಳಲ್ಲಿ ಬರುತ್ತದೆ. ಒಂದು ಕಾಲಕ್ಕೆ ಅಲ್ಲಿ ಸೊಗಸಾದ ಮರಗಳಿದ್ದುವು. ನಗರದವರು ಕೊಡಲಿ ಹಿಡಿದು ಬಂದರು. ಮರ ಹೋದರೂ ಬೆಟ್ಟವು ಸುಮ್ಮನಿರಲಿಲ್ಲ. ಹಗಲಿರುಳು ಮಳೆಗೂ ಇಬ್ಬನಿಗೂ ಒಡ್ಡಿಕೊಂಡು ಹೊಸ ಚಿಗುರನ್ನು ಕಳುಹಿಸುತ್ತಲೇ ಇದ್ದಿತು. ಆದರೆ ದನಕುರಿಗಳು ಬಂದು ಆ ಚಿಗುರನ್ನೂ ಮೇದುವು. ಕೊನೆಗೆ ನೆಲ ನುಣ್ಣಗಾಯಿತು. ಆಮೇಲೆ ಹುಟ್ಟಿದವರು ಅದನ್ನು ನೋಡಿ, ಇಲ್ಲಿ ಎಂದೂ ಮರವೇ ಇರಲಿಲ್ಲವೆಂದು ತಿಳಿದರು. ಹಾಗಾದರೆ ಬೋಳಾಗಿರುವುದೇ ಬೆಟ್ಟದ ಸ್ವಭಾವವೆ ಎಂಬುದು ಮೆನ್ಷಿಯಸನ ಪ್ರಶ್ನೆ.

ಮೆನ್ಷಿಯಸನಿಗೆ ಬೇಕಾಗಿದ್ದುದು ಬೆಟ್ಟವಲ್ಲ, ಮನುಷ್ಯ. ಮನುಷ್ಯನ ಹುಟ್ಟುಗುಣ ಒಳ್ಳೆಯದು. ದಿನದಿನವೂ ಕೊಡಲಿಯೇಟು ಬಿದ್ದು ಅದು ಬೋಳಾಗುತ್ತದೆ. ನೋಡುವವರು ಅವನಲ್ಲಿ ಒಳ್ಳೆಯತನವೇ ಇರಲಿಲ್ಲವೆಂದುಕೊಳ್ಳುತ್ತಾರೆ. ಇದನ್ನು ಹೇಳುವುದಕ್ಕೆ ಆತನು ಬೆಟ್ಟವನ್ನು ಉಪಮಾನವಾಗಿ ಎಳೆದು ತಂದನು. ನಿಸರ್ಗವನ್ನು ಕುರಿತು ಕನ್‌ಫ್ಯೂಷಿಯಸನ ಪರಂಪರೆಯು ಹೇಳಿದುದರ ಬಲವೂ ದೌರ್ಬಲ್ಯವೂ ಈ ಒಂದು ಉಪಮಾನದಲ್ಲಿಯೇ ಅಡಗಿದೆಯೆಂದರೆ ತಪ್ಪಾಗದು. ಬೆಟ್ಟಕ್ಕೂ ಮನುಷ್ಯನಿಗೂ ಒಂದೇ ಬಗೆಯ ಜೀವವನ್ನು, ಒಂದೇ ಬಗೆಯ ಗಾಯವನ್ನು ಅದು ಕಂಡಿತು. ಆದರೆ ಬೆಟ್ಟವನ್ನು ನೋಡುವಾಗಲೂ ಅದರ ಕಣ್ಣು ಮನುಷ್ಯನ ಮೇಲೆಯೇ ಇದ್ದಿತು.

ಕುದುರೆಯನ್ನು ಕೇಳದ ಗುರು

ಈ ಪರಂಪರೆಯನ್ನು ಟೀಕಿಸುವವರು ಮೊದಲು ಎತ್ತಿ ತೋರಿಸುವುದು ಮೂಲಪುರುಷನ ಬದುಕಿನ ಒಂದು ಘಟನೆಯನ್ನು. ಕನ್‌ಫ್ಯೂಷಿಯಸನ (ಕ್ರಿ. ಪೂ. 551–479) ಸಂವಾದಗಳನ್ನು ಶಿಷ್ಯರು ಕೂಡಿಸಿಟ್ಟ ‘ಲೂನ್ ಯೂ’ ಗ್ರಂಥದಲ್ಲಿ ಅದು ಬರುತ್ತದೆ. ಒಮ್ಮೆ ಕುದುರೆಲಾಯಕ್ಕೆ ಬೆಂಕಿ ಬಿದ್ದಿತು. ಗುರುವು ಅರಮನೆಯಿಂದ ಹಿಂದಿರುಗಿ ಬಂದವನೇ ಜನರಿಗೇನಾದರೂ ಆಯಿತೆ ಎಂದು ವಿಚಾರಿಸಿದನು. ಕುದುರೆಗಳ ವಿಷಯವನ್ನು ಕೇಳಲಿಲ್ಲ.

ಈ ಪುಟ್ಟ ವಾಕ್ಯವು ಮುಂದಿನ ಪಂಡಿತರ ನಿದ್ದೆಗೆಡಿಸಿತು. ಹಳೆಯ ಚೀನೀ ಬರಹದಲ್ಲಿ ಅಲ್ಪವಿರಾಮ ಪೂರ್ಣವಿರಾಮಗಳಿಲ್ಲ. ಅದರ ಲಾಭ ಪಡೆದು ಕೆಲವರು ‘ಇಲ್ಲ’ ಎಂಬ ಪದವನ್ನು ಹಿಂದಿನ ವಾಕ್ಯಕ್ಕೆ ಅಂಟಿಸಿದರು. ಆಗ ಜನರಿಗೆ ಪೆಟ್ಟಾಯಿತೋ ಇಲ್ಲವೋ ಎಂದು ಮೊದಲು ಕೇಳಿ, ಅನಂತರ ಕುದುರೆಗಳನ್ನು ಕುರಿತೂ ಕೇಳಿದನು ಎಂಬ ಅರ್ಥ ಹೊರಡುತ್ತದೆ. ಗುರುವಿನ ಮಾನವನ್ನು ಕಾಯಲು ಶಿಷ್ಯರು ಎಲ್ಲ ದೇಶಗಳಲ್ಲಿಯೂ ಪಡುವ ಪಾಡು ಒಂದೇ ತೆರನಾದುದು. ಆದರೆ ಇಲ್ಲಿ ಆ ಸಾಹಸ ಬೇಕಾಗಿರಲಿಲ್ಲ. ಅಂದಿನ ಸಮಾಜದಲ್ಲಿ ಒಳ್ಳೆಯ ಕುದುರೆಯ ಬೆಲೆ ದೊಡ್ಡದು, ಲಾಯದ ಆಳಿನ ಬೆಲೆ ಚಿಕ್ಕದು. ಒಡೆಯರೆಲ್ಲರೂ ಮೊದಲು ಕೇಳುವುದು ಕುದುರೆಯನ್ನೇ. ಆಳಿನ ಪ್ರಾಣವನ್ನು ಕೇಳಿದುದು ಗುರುವಿನ ಹಿರಿಮೆಯೇ ಹೊರತು ಕುದುರೆಯ ಮೇಲಣ ತಿರಸ್ಕಾರವಲ್ಲ.

ಪ್ರಾಣಿಗಳ ವಿಷಯದಲ್ಲಿ ಆತನ ನಡತೆ ಹೇಗಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯಗಳಿವೆ. ಆತನು ಗಾಳ ಹಾಕಿ ಮೀನು ಹಿಡಿಯುತ್ತಿದ್ದನು, ಬಲೆ ಬೀಸುತ್ತಿರಲಿಲ್ಲ. ಹಾರುವ ಹಕ್ಕಿಗೆ ಬಾಣ ಬಿಡುತ್ತಿದ್ದನು, ಗೂಡಿನಲ್ಲಿ ಒರಗಿದ ಹಕ್ಕಿಗೆ ಬಿಡುತ್ತಿರಲಿಲ್ಲ. ನಮ್ಮ ದೇಶದ ಅಹಿಂಸೆಯ ಮಾತುಗಳನ್ನು ಕೇಳಿ ಬೆಳೆದ ವಾಚಕರಿಗೆ ಇದು ಅರೆಮನಸ್ಸಿನ ದಯೆಯೆಂದು ತೋರಬಹುದು. ಕೊಲ್ಲುವುದನ್ನೇ ಬಿಡಬಾರದಾಗಿತ್ತೆ? ಅದನ್ನು ಆತನು ಹೇಳಲಿಲ್ಲ. ಬೇಕಾದಷ್ಟನ್ನು ತೆಗೆದುಕೊ, ಬುಡಮೇಲು ಮಾಡಬೇಡ, ಅಸಹಾಯದ ಮೇಲೆ ಕೈಯೆತ್ತಬೇಡ ಎಂಬುದು ಅದರ ಇಂಗಿತ.

‘ವಿಧಿಗಳ ಗ್ರಂಥ’ದಲ್ಲಿ ಇನ್ನೂ ಆತ್ಮೀಯವಾದ ಒಂದು ಚಿತ್ರವಿದೆ. ಗುರುವಿನ ಮನೆಯ ನಾಯಿ ಸತ್ತಿತು. ಅದನ್ನು ಹೂಳುವ ಕೆಲಸವನ್ನು ಆತನು ಜಿಗುಂಗ್ ಎಂಬ ಶಿಷ್ಯನಿಗೆ ಒಪ್ಪಿಸಿದನು. ಹಳೆಯ ಪರದೆಯನ್ನು ಎಸೆಯದೆ ಇಡುವುದು ಕುದುರೆಯನ್ನು ಹೂಳುವುದಕ್ಕಾಗಿ, ಬಂಡಿಯ ಹಳೆಯ ಕೊಡೆಯನ್ನು ಇಡುವುದು ನಾಯಿಯನ್ನು ಹೂಳುವುದಕ್ಕಾಗಿ ಎಂಬುದು ಆಗಿನ ರೂಢಿ. ಗುರುವು ಬಡವ, ಬಂಡಿಯ ಕೊಡೆ ಇರಲಿಲ್ಲ. ಆದುದರಿಂದ ಒಂದು ಚಾಪೆಯನ್ನು ಕೊಟ್ಟು, ನಾಯಿಯ ತಲೆಯು ನೇರವಾಗಿ ಮಣ್ಣಿಗೆ ತಾಗದಂತೆ ನೋಡಿಕೊಳ್ಳಲು ಹೇಳಿದನು. ಮನೆ ಕಾದ ಪ್ರಾಣಿಗೆ ಸಲ್ಲಬೇಕಾದ ಮರ್ಯಾದೆಯು ಆತನ ದೃಷ್ಟಿಯಲ್ಲಿ ಮನೆಯ ಕರ್ತವ್ಯಗಳಲ್ಲಿ ಒಂದಾಗಿತ್ತು.

ಹೊಸಿಲಿನಿಂದ ಬೆಟ್ಟದವರೆಗೆ

ಈ ನೀತಿಯೆಲ್ಲ ಮನೆಯಿಂದಲೇ ಹೊರಡುತ್ತದೆ. ಮೆನ್ಷಿಯಸನು ಪ್ರೀತಿಗೆ ಮೂರು ಹೆಸರುಗಳನ್ನು ಇಟ್ಟನು. ತಂದೆತಾಯಿ ಬಂಧುಗಳ ಮೇಲೆ ಇರುವುದು ಒಡಲಿನ ನಂಟು. ಇತರ ಜನರ ಮೇಲೆ ಇರಬೇಕಾದುದು ‘ರೆನ್’, ಎಂದರೆ ಮಾನವೀಯತೆ. ಪ್ರಾಣಿ, ಗಿಡ, ವಸ್ತುಗಳ ಮೇಲೆ ಇರಬೇಕಾದುದು ಕಾಳಜಿ, ಹಾಳುಮಾಡದ ಎಚ್ಚರ. ಮೂರೂ ಒಂದೇ ಬುಗ್ಗೆಯ ನೀರು. ಆದರೆ ಮೂರರ ಆಳ ಒಂದೇ ಅಲ್ಲ. ಎಲ್ಲರನ್ನೂ ಸರಿಸಮನಾಗಿ ಪ್ರೀತಿಸಬೇಕೆಂದು ಬೋಧಿಸುತ್ತಿದ್ದ ಮೋ ಜಿ ಎಂಬವನ ಅನುಯಾಯಿಗಳೊಡನೆ ಈ ವಿಷಯದಲ್ಲಿ ಮೆನ್ಷಿಯಸನು ಬಲವಾಗಿ ಕಾದಾಡಿದನು. ತನ್ನ ತಾಯಿಗೂ ದಾರಿಹೋಕನಿಗೂ ಭೇದವೆಣಿಸದವನ ಪ್ರೀತಿಯನ್ನು ಆತನು ನಂಬಲಾರನು.

ಮರ ಕಡಿಯುವುದನ್ನು ಕೂಡ ಈ ಪರಂಪರೆಯು ಕುಟುಂಬದ ಭಾಷೆಯಲ್ಲಿಯೇ ಹೇಳುವುದು ಇದರಿಂದಲೇ. ಕಾಲವಲ್ಲದ ಕಾಲದಲ್ಲಿ ಒಂದು ಮರವನ್ನು ಕಡಿದರೆ, ಒಂದು ಪ್ರಾಣಿಯನ್ನು ಕೊಂದರೆ, ಅದು ಮಕ್ಕಳ ಧರ್ಮಕ್ಕೆ ತಪ್ಪಿ ನಡೆದಂತೆ ಎಂದು ಗುರುವು ಹೇಳಿದುದಾಗಿ ಜೆಂಗ್‌ಜಿ ಎಂಬ ಶಿಷ್ಯನು ನೆನೆಯುತ್ತಾನೆ. ಮರಕ್ಕೂ ಮಾತಾಪಿತೃಭಕ್ತಿಗೂ ಏನು ಸಂಬಂಧವೆಂದು ಬೆರಗಾಗಬಹುದು. ಹನ್ನೊಂದನೆಯ ಶತಮಾನದ ಜಾಂಗ್ ತ್ಸಾಯ್ (1020–1077) ತನ್ನ ಪಾಠಶಾಲೆಯ ಗೋಡೆಗೆ ಬರೆಸಿದ ಪುಟ್ಟ ಲೇಖನದಲ್ಲಿ ಉತ್ತರವಿದೆ. ಆಕಾಶವು ತಂದೆ, ಭೂಮಿಯು ತಾಯಿ. ಜನರೆಲ್ಲ ಒಡಹುಟ್ಟಿದವರು, ಉಳಿದ ಜೀವಜಾತವೆಲ್ಲ ಒಡನಾಡಿಗಳು. ತಾಯಿಯ ಆಸ್ತಿಯನ್ನು ದುಂದುಮಾಡುವ ಮಗನನ್ನು ಏನೆಂದು ಕರೆಯುತ್ತೇವೆಯೋ ಅದೇ ಹೆಸರು ಕಾಡನ್ನು ಬರಿದುಮಾಡುವವನಿಗೂ ಸಲ್ಲುತ್ತದೆ.

‘ಕಾಲವಲ್ಲದ ಕಾಲ’ ಎಂಬ ಮಾತನ್ನು ಗಮನಿಸಬೇಕು. ಲಿಯಾಂಗ್ ರಾಜ್ಯದ ಹುಯಿ ಮಹಾರಾಜನಿಗೆ ಮೆನ್ಷಿಯಸನು ಕೊಟ್ಟ ಉಪದೇಶವು ಪೂರ್ತಿಯಾಗಿ ಕಾಲವನ್ನು ಕುರಿತದ್ದು. ಬೇಸಾಯದ ದಿನಗಳಲ್ಲಿ ರೈತರನ್ನು ಬಿಟ್ಟಿಗೆ ಹಿಡಿಯಬಾರದು. ಸಣ್ಣ ಕಣ್ಣಿನ ಬಲೆಯನ್ನು ಕೊಳಗಳಿಗೆ ಇಳಿಸಬಾರದು. ಕೊಡಲಿಯು ಕಾಡಿಗೆ ತಕ್ಕ ಋತುವಿನಲ್ಲಿ ಮಾತ್ರ ಹೋಗಬೇಕು. ಹಾಗೆ ಮಾಡಿದರೆ ತಿಂದು ಮುಗಿಯದಷ್ಟು ಮೀನು, ಬಳಸಿ ಮುಗಿಯದಷ್ಟು ಮರ. ಆತನ ನಂತರ ಬಂದ ಷುನ್‌ಜಿಯು, ಮೆನ್ಷಿಯಸನನ್ನು ಬೇರೆಲ್ಲ ವಿಷಯಗಳಲ್ಲಿ ಖಂಡಿಸುವವನಾದರೂ, ಇಲ್ಲಿ ಅದೇ ಮಾತನ್ನು ಹೇಳುತ್ತಾನೆ: ಗಿಡಮರಗಳು ಹೂಬಿಡುವಾಗ ಕೊಡಲಿ ಬೇಡ, ಮೀನು ಆಮೆಗಳು ಮರಿಹಾಕುವಾಗ ಬಲೆಯೂ ವಿಷವೂ ಬೇಡ.

ಇವು ಬರಿಯ ಪುಸ್ತಕದ ಮಾತುಗಳೆಂದು ತಳ್ಳಿಹಾಕುವಂತಿಲ್ಲ. 1975ರಲ್ಲಿ ಹೂಬೆ ಪ್ರಾಂತದ ಯುನ್‌ಮೆಂಗ್ ಎಂಬಲ್ಲಿ ಒಂದು ಹಳೆಯ ಗೋರಿಯನ್ನು ಅಗೆದಾಗ, ಕ್ರಿ. ಪೂ. ಮೂರನೆಯ ಶತಮಾನದ ಒಬ್ಬ ಸಣ್ಣ ಅಧಿಕಾರಿಯ ಅಸ್ಥಿಗಳ ಜೊತೆಗೆ ಸಾವಿರಕ್ಕೂ ಮಿಕ್ಕಿ ಬಿದಿರುಪಟ್ಟಿಗಳು ದೊರೆತುವು. ಅವುಗಳಲ್ಲಿ ಚಿನ್ ರಾಜ್ಯದ ಕಾನೂನುಗಳಿದ್ದುವು. ವಸಂತದ ಎರಡನೆಯ ತಿಂಗಳಲ್ಲಿ ಕಾಡಿನ ಮರ ಕಡಿಯಬಾರದು. ಬೇಸಗೆ ಬರುವವರೆಗೆ ಹುಲ್ಲು ಸುಡಬಾರದು, ಮರಿಗಳನ್ನೂ ಮೊಟ್ಟೆಗಳನ್ನೂ ತೆಗೆಯಬಾರದು, ನೀರಿಗೆ ವಿಷ ಬೆರೆಸಿ ಮೀನು ಹಿಡಿಯಬಾರದು. ಒಂದೇ ಒಂದು ವಿನಾಯಿತಿ: ಮನೆಯಲ್ಲಿ ಸಾವಾಗಿ ಶವದ ಪೆಟ್ಟಿಗೆಗೆ ಮರ ಬೇಕಾದವರು ಕಡಿಯಬಹುದು. ಕ್ರಿ. ಶ. 5ನೆಯ ವರ್ಷದಲ್ಲಿ ಹೊರಟ ಇಂಥದೇ ಆಜ್ಞೆಯೊಂದು ದುನ್‌ಹುವಾಂಗ್ ಬಳಿಯ ಮರುಭೂಮಿಯ ಅಂಚೆಠಾಣೆಯೊಂದರ ಗೋಡೆಯ ಮೇಲೆ ಬರೆದುದು ಉತ್ಖನನದಲ್ಲಿ ಸಿಕ್ಕಿದೆ. ಮರವೇ ಅಪರೂಪವಾದ ಆ ಮರಳುಗಾಡಿನಲ್ಲಿ ಮರ ಕಡಿಯಬಾರದೆಂಬ ಆಜ್ಞೆಯನ್ನು ಓದಿದ ದಾರಿಗರು ಏನೆಂದುಕೊಂಡರೋ!

ಚಿನ್ ರಾಜ್ಯವು ಕನ್‌ಫ್ಯೂಷಿಯಸನ ಮಾತಿಗೆ ಕಿವಿಗೊಟ್ಟ ರಾಜ್ಯವಲ್ಲ. ಕಠಿನ ದಂಡನೆಯನ್ನೇ ನಂಬಿದ್ದುದು. ಆದುದರಿಂದ ಋತುವಿನ ಈ ಕಟ್ಟಳೆಯು ಯಾವುದೋ ಒಂದು ಪಂಥದ ಸೊತ್ತೆನ್ನುವುದಕ್ಕಿಂತ ಆ ನೆಲದ ಹಳೆಯ ವಿವೇಕವೆಂದು ತಿಳಿಯುವುದು ಸರಿ. ನಾಳೆಗೆ ಮರ ಉಳಿಯಲೆಂದು ಇಂದು ಕೊಡಲಿಯನ್ನು ತಡೆಯುವುದು ಜಾಣತನ. ಅದನ್ನು ಮಕ್ಕಳ ಧರ್ಮವೆಂದು ಕರೆದುದು ಮಾತ್ರ ಕನ್‌ಫ್ಯೂಷಿಯಸನ ಪರಂಪರೆಯ ಸ್ವಂತ ಕೊಡುಗೆ.

ನಡುಗಿದ ಎತ್ತು

ಲಿನ್‌ಜಿಯ ಅರಮನೆಯಲ್ಲಿಯೇ ಇನ್ನೊಂದು ಪ್ರಸಂಗ ನಡೆಯಿತು. ಚೀ ರಾಜ್ಯದ ಷುವಾನ್ ಮಹಾರಾಜನು ಸಭಾಮಂಟಪದಲ್ಲಿ ಕುಳಿತಿದ್ದನು. ಕೆಳಗೆ ಒಬ್ಬನು ಎತ್ತೊಂದನ್ನು ಎಳೆದುಕೊಂಡು ಹೋಗುತ್ತಿದ್ದನು. ಹೊಸದಾಗಿ ಎರಕಹೊಯ್ದ ಗಂಟೆಗೆ ರಕ್ತ ಬಳಿಯುವ ಪದ್ಧತಿ. ಅದಕ್ಕೆ ಬಲಿ ಅದು. ಎತ್ತು ನಡುಗುತ್ತಿದ್ದಿತು. ನಿರಪರಾಧಿಯೊಬ್ಬನು ವಧಾಸ್ಥಾನಕ್ಕೆ ಹೋಗುವಂತಿದ್ದ ಅದರ ನೋಟವನ್ನು ರಾಜನು ಸಹಿಸಲಾರದೆ, ಬಿಟ್ಟುಬಿಡಲು ಆಜ್ಞಾಪಿಸಿದನು. ಗಂಟೆಯ ಸಂಸ್ಕಾರ ನಿಲ್ಲಬೇಕೆ ಎಂದು ಸೇವಕನು ಕೇಳಿದನು. ನಿಲ್ಲುವುದು ಹೇಗಾದೀತು, ಎತ್ತಿಗೆ ಬದಲು ಕುರಿಯನ್ನು ಕೊಡಿ ಎಂದು ರಾಜನ ಅಪ್ಪಣೆಯಾಯಿತು.

ಎತ್ತಿನ ಬೆಲೆಗೆ ಹೆದರಿ ಕುರಿಗೆ ಇಳಿದ ಜಿಪುಣನೆಂದು ಪ್ರಜೆಗಳು ಆಡಿಕೊಂಡರು. ಮೆನ್ಷಿಯಸನು ಹಾಗೆ ತಿಳಿಯಲಿಲ್ಲ. ಮಹಾರಾಜನು ಎತ್ತನ್ನು ಕಂಡಿದ್ದನು, ಕುರಿಯನ್ನು ಕಂಡಿರಲಿಲ್ಲ. ಭೇದವಿಷ್ಟೇ ಎಂದು ಆತನು ವಿವರಿಸಿದನು. ಎತ್ತಿನವರೆಗೆ ಚಾಚುವ ಕರುಣೆ ಪ್ರಜೆಗಳವರೆಗೆ ಏಕೆ ಚಾಚದು ಎಂಬುದೇ ಆತನ ಮುಂದಿನ ಪ್ರಶ್ನೆ. ರಾಜನು ನಿರುತ್ತರನಾದನು.

ವಾದವು ಬಹಳ ಚತುರವಾದುದು. ಆದರೆ ಕುರಿಯ ಗತಿ ಏನಾಯಿತು? ಮೆನ್ಷಿಯಸನು ಅಲ್ಲಿ ಸೇರಿಸುವ ಮಾತು ಇನ್ನೂ ವಿಚಿತ್ರ. ಪ್ರಾಣಿಯ ಕೂಗನ್ನು ಕೇಳಿದವನಿಗೆ ಅದರ ಮಾಂಸ ಗಂಟಲಲ್ಲಿಳಿಯದು; ಆದುದರಿಂದ ಸಜ್ಜನನು ಅಡುಗೆಮನೆಯಿಂದ ದೂರವಿರುತ್ತಾನಂತೆ! ಎದೆಯ ಮೃದುತ್ವವನ್ನು ಉಳಿಸಿಕೊಳ್ಳುವುದಕ್ಕಾಗಿ ಇಲ್ಲಿ ಕತ್ತಿಯನ್ನು ಸರಿಸಲಿಲ್ಲ, ಕಣ್ಣನ್ನು ಸರಿಸಿದರು. ಕಂಡುದಕ್ಕೆ ಮರುಗುವ ನೀತಿಗೆ ಕಾಣದುದರ ಮುಂದೆ ಬಲವಿಲ್ಲ. ಈ ಬಿರುಕು ಮುಂದೆ ದೊಡ್ಡದಾಯಿತು.

ಅದು ದೊಡ್ಡದಾದ ಕಾಲವೇ ಈ ಪರಂಪರೆಯ ಅತಿ ಕೋಮಲವಾದ ಕಾಲವೂ ಆಗಿದ್ದುದು ಸೋಜಿಗ. ಹನ್ನೊಂದನೆಯ ಶತಮಾನ, ಸುಂಗ್ ವಂಶದ ಆಳ್ವಿಕೆ. ಜೋ ದುನ್‌ಯೀ (1017–1073) ಎಂಬ ಚಿಂತಕನು ತನ್ನ ಕಿಟಕಿಯ ಹೊರಗೆ ಬೆಳೆದ ಹುಲ್ಲನ್ನು ಕೀಳಿಸಲಿಲ್ಲ. ತನ್ನಲ್ಲಿರುವ ಜೀವಭಾವವೇ ಅದರಲ್ಲಿಯೂ ಇದೆಯೆಂದು ಕಾರಣ ಹೇಳಿದನು. ಆತನ ಬಳಿ ಓದಿದ ಸೋದರರಲ್ಲಿ ಹಿರಿಯನಾದ ಚೆಂಗ್ ಹಾವ್ ವೈದ್ಯಗ್ರಂಥದಿಂದ ಒಂದು ಪದವನ್ನು ಎತ್ತಿಕೊಂಡನು. ಕೈಕಾಲು ಜೋಮು ಹಿಡಿದು ಅರಿವು ತಪ್ಪಿದರೆ ಚೀನೀ ವೈದ್ಯರು ಅದನ್ನು ‘ರೆನ್ ಇಲ್ಲದ್ದು’ ಎನ್ನುತ್ತಿದ್ದರು. ಇದಕ್ಕಿಂತ ಒಳ್ಳೆಯ ಲಕ್ಷಣವಾಕ್ಯವಿಲ್ಲವೆಂದು ಚೆಂಗ್ ಹಾವ್ ಹೇಳಿದನು. ಲೋಕದ ಸಮಸ್ತವೂ ತನ್ನ ಒಡಲೇ ಎಂದರಿತವನಿಗೆ ಎಲ್ಲಿ ಪೆಟ್ಟು ಬಿದ್ದರೂ ನೋಯುತ್ತದೆ. ನೋಯದಿದ್ದರೆ ಅವನ ಅಂಗಕ್ಕೆ ಲಕ್ವ ಹೊಡೆದಿದೆಯೆಂದರ್ಥ.

ತಮ್ಮನಾದ ಚೆಂಗ್ ಯೀ ಬಾಲಚಕ್ರವರ್ತಿ ಜೆಜುಂಗನಿಗೆ ಗುರುವಾಗಿದ್ದನು. ಒಂದು ದಿನ ಪಾಠ ಮುಗಿದ ಮೇಲೆ ಹುಡುಗನು ಎದ್ದು, ಕಟಕಟೆಯ ಬಳಿಯ ವಿಲೋ ಮರದ ಕೊಂಬೆಯೊಂದನ್ನು ಆಟಕ್ಕೆಂದು ಮುರಿದನು. ಗುರುವು ಮುಖ ಗಂಟಿಕ್ಕಿ, ವಸಂತದಲ್ಲಿ ಎಲ್ಲವೂ ಚಿಗುರುತ್ತಿರುವಾಗ ಕಾರಣವಿಲ್ಲದೆ ಮುರಿಯುವುದು ಸಲ್ಲದೆಂದು ಗದರಿದನು. ಚಕ್ರವರ್ತಿಗೆ ಸಿಟ್ಟು ಬಂದಿತು. ಸುದ್ದಿ ಕೇಳಿದ ಹಿರಿಯ ಮಂತ್ರಿ ಸೀಮಾ ಗ್ವಾಂಗನು, ರಾಜರು ವಿದ್ವಾಂಸರನ್ನು ಹತ್ತಿರ ಸೇರಿಸದಿರುವುದು ಇಂಥವರಿಂದಲೇ ಎಂದು ಬೇಸರಪಟ್ಟನೆಂದು ಕಥೆ. ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿ ಶಾಕುಂತಲವನ್ನು ಓದಿದವರಿಗೆ, ಅಲಂಕಾರದ ಮೇಲೆ ಆಸೆಯಿದ್ದರೂ ಚಿಗುರನ್ನು ಕೀಳದ ಕಣ್ವರ ಮಗಳು ಇಲ್ಲಿ ನೆನಪಾಗದಿರಳು. ಅಲ್ಲಿ ಅದು ಪ್ರೀತಿಯಿಂದ ತಾನಾಗಿ ಬಂದುದು. ಇಲ್ಲಿ ಪಾಠವಾಗಿ ಬಂದುದು.

ಇದೇ ದಿನಗಳಲ್ಲಿ, ಇದೇ ವಯಸ್ಸಿನ ಮತ್ತೊಬ್ಬನಿದ್ದನು. ಷೆನ್ ಕ್ವೊ (1031–1095) ಎಂದು ಆತನ ಹೆಸರು. ಸರಕಾರದ ಅಧಿಕಾರಿ, ಖಗೋಳದಿಂದ ಮೊದಲುಗೊಂಡು ಔಷಧಿಯವರೆಗೆ ಕಂಡುದೆಲ್ಲವನ್ನೂ ಬರೆದಿಡುವ ಕುತೂಹಲಿ. ಆತನ ಟಿಪ್ಪಣಿಗಳ ಗ್ರಂಥದಲ್ಲಿ ಮಸಿಯನ್ನು ಕುರಿತು ಒಂದು ಭಾಗವಿದೆ. ಚೀನಾದ ಬರವಣಿಗೆಯ ಮಸಿಯನ್ನು ಆಗ ದೇವದಾರುವಿನ ಜಾತಿಯ ಪೈನ್ ಮರವನ್ನು ಸುಟ್ಟು, ಅದರ ಹೊಗೆಯ ಕಾಡಿಗೆಯಿಂದ ತಯಾರಿಸುತ್ತಿದ್ದರು. ಈ ಮಸಿಗಾಗಿ ಚೀ ಮತ್ತು ಲೂ ಸೀಮೆಗಳ ಪೈನ್ ಕಾಡುಗಳು ಪೂರ್ತಿಯಾಗಿ ತೀರಿದುವೆಂದೂ, ಕೊಡಲಿಯು ತಾಯ್‌ಹಾಂಗ್ ಪರ್ವತಗಳತ್ತ ಸಾಗಿತೆಂದೂ, ದಕ್ಷಿಣದ ಪೈನ್ ಬೆಟ್ಟಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಬೋಳಾಗಿವೆಯೆಂದೂ ಆತನು ಬರೆದಿಟ್ಟಿದ್ದಾನೆ. ಯಾನ್‌ಆನ್ ಕಡೆಯ ನೆಲದಲ್ಲಿ ಒಸರುವ ಕಲ್ಲೆಣ್ಣೆಯನ್ನು ಉರಿಸಿ ಅದರ ಕಾಡಿಗೆಯಿಂದ ಮಸಿ ಮಾಡಬಹುದೆಂದು ಸೂಚಿಸಿ, ತಾನೇ ಮಾಡಿ ನೋಡಿದನು. ಪೆಟ್ರೋಲಿಯಮ್ಮಿಗೆ ಆತನು ಬಳಸಿದ ಹೆಸರೇ ಇಂದಿಗೂ ಚೀನೀ ಭಾಷೆಯಲ್ಲಿ ನಿಂತಿದೆ.

ಚೀ ಎಂದರೆ ಮೆನ್ಷಿಯಸನು ಬೋಳುಬೆಟ್ಟವನ್ನು ತೋರಿಸಿದ ನಾಡು. ಲೂ ಎಂದರೆ ಕನ್‌ಫ್ಯೂಷಿಯಸನು ಹುಟ್ಟಿದ ನಾಡು. ಆ ಮಸಿಯಿಂದ ಏನನ್ನು ಬರೆಯುತ್ತಿದ್ದರು? ಸರಕಾರಿ ಪರೀಕ್ಷೆಗೆ ಕುಳಿತ ಸಹಸ್ರಾರು ತರುಣರ ಉತ್ತರಗಳನ್ನು, ಗ್ರಂಥಗಳ ಭಾಷ್ಯಗಳನ್ನು, ಎತ್ತಿನ ಬೆಟ್ಟದ ಕಥೆಯನ್ನೂ. ಕಿಟಕಿಯ ಹುಲ್ಲನ್ನು ಕೀಳದವನ ಮೇಜಿನ ಮೇಲಿನ ಮಸಿಯೂ ಯಾವುದೋ ಬೆಟ್ಟದ ಕಾಡೇ ಆಗಿದ್ದೀತು. ಹುಲ್ಲು ಕಣ್ಣೆದುರಿಗಿದ್ದಿತು, ಪೈನ್ ಮರ ಇರಲಿಲ್ಲ. ಒಂದು ಕೊಂಬೆಗಾಗಿ ಚಕ್ರವರ್ತಿಯನ್ನು ಗದರುವ ಧೈರ್ಯವಿದ್ದ ಪರಂಪರೆಯು ಮಸಿಯ ಉಂಡೆಯಲ್ಲಿ ಮರವನ್ನು ಕಾಣಲಿಲ್ಲ. ಕಂಡವನು ನೀತಿಬೋಧಕನಲ್ಲ, ಲೆಕ್ಕ ಬರೆಯುವ ಅಧಿಕಾರಿ.

ಕಾಡಿನ ಈ ಹಿಮ್ಮೆಟ್ಟುವಿಕೆಗೆ ಮಸಿಯೊಂದೇ ಕಾರಣವಲ್ಲವೆಂಬುದು ನಿಜ. ಉಳುಮೆ, ಸೌದೆ, ಯುದ್ಧ, ಕಬ್ಬಿಣದ ಕುಲುಮೆಗಳು ಅದಕ್ಕಿಂತ ಎಷ್ಟೋ ಹೆಚ್ಚು ತಿಂದುವು. ಮೂರು ಸಾವಿರ ವರ್ಷಗಳ ಹಿಂದೆ ಹಳದಿ ನದಿಯ ಬಯಲಿನಲ್ಲಿ ಆನೆಗಳಿದ್ದುವು. ಇಂದು ಚೀನಾದ ಕಾಡಾನೆಗಳು ಯುನ್ನಾನ್ ಪ್ರಾಂತದ ದಕ್ಷಿಣದ ಮೂಲೆಯಲ್ಲಿ ಮಾತ್ರ ಉಳಿದಿವೆ. ಇತಿಹಾಸಕಾರ ಮಾರ್ಕ್ ಎಲ್ವಿನ್ 2004ರಲ್ಲಿ ಪ್ರಕಟಿಸಿದ ಚೀನಾದ ಪರಿಸರದ ಇತಿಹಾಸಕ್ಕೆ ಆನೆಗಳ ಈ ಹಿಂದೆಸರಿಯುವಿಕೆಯ ಹೆಸರನ್ನೇ ಇಟ್ಟನು. ನಿಸರ್ಗವನ್ನು ಅಷ್ಟು ಹಾಡಿ ಹೊಗಳಿದ ನಾಡು ಅದನ್ನು ಅಷ್ಟೇ ಗಟ್ಟಿಯಾಗಿ ಸವೆಸಿತೆಂಬುದು ಆ ಗ್ರಂಥದ ಮುಖ್ಯ ಒಗಟು.

ಒಡೆದ ಹೆಂಚಿನ ನೋವು

ಈ ನೀತಿಯನ್ನು ತುದಿಮುಟ್ಟಿಸಿದವನು ವಾಂಗ್ ಯಾಂಗ್‌ಮಿಂಗ್ (1472–1529). ತರುಣನಾಗಿದ್ದಾಗ ವಸ್ತುವಿನ ತತ್ತ್ವವನ್ನು ಅರಿಯುವೆನೆಂದು ಹೊರಟು, ಅಂಗಳದ ಬಿದಿರುಮೆಳೆಯ ಮುಂದೆ ಏಳು ದಿನ ಎವೆಯಿಕ್ಕದೆ ಕುಳಿತು, ತತ್ತ್ವ ಸಿಗದೆ ಕಾಯಿಲೆ ಬಿದ್ದವನು! ಜೊತೆಗಿದ್ದ ಗೆಳೆಯನು ಮೂರನೆಯ ದಿನಕ್ಕೇ ಹಾಸಿಗೆ ಹಿಡಿದಿದ್ದನು. ಮುಂದೆ ಸೇನಾಪತಿಯಾಗಿ, ಗುರುವಾಗಿ ಹೆಸರಾದ ಆತನು ತನ್ನ ಕೊನೆಯ ವರ್ಷಗಳಲ್ಲಿ ಮೆನ್ಷಿಯಸನ ಮಾತನ್ನು ವಿಸ್ತರಿಸಿದನು. ಬಾವಿಗೆ ಬೀಳಲಿರುವ ಮಗುವನ್ನು ಕಂಡರೆ ಎದೆ ಝಲ್ಲೆನ್ನುತ್ತದೆ, ಮಗು ಮನುಷ್ಯಜಾತಿಯೆಂದಲ್ಲವೆ? ಆದರೆ ಪ್ರಾಣಿಯ ಆರ್ತನಾದಕ್ಕೂ ಎದೆ ಮರುಗುತ್ತದೆ. ಪ್ರಾಣಿಗೆ ಜೀವವಿದೆಯೆಂದೆ? ಮುರಿದ ಗಿಡವನ್ನು ಕಂಡರೂ ಅಯ್ಯೋ ಎನಿಸುತ್ತದೆ. ಗಿಡಕ್ಕೂ ಜೀವವಿದೆಯೆಂದೆ? ಒಡೆದ ಹೆಂಚನ್ನು, ಪುಡಿಯಾದ ಕಲ್ಲನ್ನು ನೋಡಿದರೂ ಏನೋ ಒಂದು ಬೇಸರವಾಗುತ್ತದಲ್ಲ! ಆದುದರಿಂದ ಮನುಷ್ಯನ ರೆನ್ ಕಲ್ಲಿನವರೆಗೂ ಹರಿದಿದೆ.

ಹಾಗಾದರೆ ತಿನ್ನುವುದೇನನ್ನು, ಕಡಿಯುವುದೇನನ್ನು? ಶಿಷ್ಯನೊಬ್ಬನು ಬಿಡಲಿಲ್ಲ. ವಾಂಗ್ ಯಾಂಗ್‌ಮಿಂಗನು ನುಣುಚಿಕೊಳ್ಳಲೂ ಇಲ್ಲ. ಹುಲ್ಲನ್ನೂ ಪ್ರೀತಿಸುತ್ತೇವೆ, ದನವನ್ನೂ ಪ್ರೀತಿಸುತ್ತೇವೆ. ಆದರೂ ಹುಲ್ಲನ್ನು ದನಕ್ಕೆ ಹಾಕುವುದನ್ನು ಸಹಿಸುತ್ತೇವೆ. ಪ್ರಾಣಿಯನ್ನೂ ಜನರನ್ನೂ ಪ್ರೀತಿಸುತ್ತೇವೆ. ತಂದೆತಾಯಿಯ ಪೋಷಣೆಗೆ, ಅತಿಥಿಯ ಸತ್ಕಾರಕ್ಕೆ ಪ್ರಾಣಿಯನ್ನು ಕೊಲ್ಲುವುದನ್ನು ಸಹಿಸುತ್ತೇವೆ. ಪ್ರಾಣ ಉಳಿಸುವ ಒಂದು ಬಟ್ಟಲು ಅನ್ನ ಮಾತ್ರವಿದ್ದು, ಅದು ಇಬ್ಬರಿಗೆ ಸಾಲದಾದರೆ, ದಾರಿಹೋಕನನ್ನು ಬಿಟ್ಟು ತಂದೆಗೆ ಕೊಡುತ್ತೇವೆ. ಆತನು ಬಳಸಿದ ಪದ ‘ಸಹಿಸುವುದು’ ಎಂಬುದು. ಅದು ತಪ್ಪಿಲ್ಲವೆಂದು ಆತನು ಹೇಳಿದರೂ ನೋವಿಲ್ಲವೆಂದು ಹೇಳಲಿಲ್ಲ. ಈ ಪರಂಪರೆಯ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದುದು ಬೇರೆ ಅಪರೂಪ.

ಇಪ್ಪತ್ತನೆಯ ಶತಮಾನದಲ್ಲಿ ಚೀನಾ ಸರಕಾರವು ಕನ್‌ಫ್ಯೂಷಿಯಸನನ್ನೇ ಬಹಿಷ್ಕರಿಸಿತು. 1958ರಲ್ಲಿ ಧಾನ್ಯ ತಿನ್ನುವ ಶತ್ರುವೆಂದು ಗುಬ್ಬಿಗಳ ಸಂಹಾರವಾಯಿತು. ತಟ್ಟೆ ಬಡಿದು ಕೂರಗೊಡದೆ ಹಾರಿಸಿ ದಣಿಸಿ ಕೊಂದರು. ಗುಬ್ಬಿ ಹೋದ ಮೇಲೆ ಹುಳುಗಳು ಹೆಚ್ಚಿದುವು. 1960ರಲ್ಲಿ ಶತ್ರುಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ಅಲ್ಲಿಗೆ ತಿಗಣೆಯನ್ನು ಸೇರಿಸಿದರು. 1998ರಲ್ಲಿ ಯಾಂಗ್‌ತ್ಸೆ ನದಿಯ ಮಹಾಪೂರವು ಬಂದ ಬಳಿಕ ಅದರ ಮೇಲ್ಭಾಗದ ಸ್ವಾಭಾವಿಕ ಕಾಡುಗಳಲ್ಲಿ ಮರ ಕಡಿಯುವುದು ನಿಷಿದ್ಧವಾಯಿತು. ಮರುವರ್ಷದಿಂದ ಇಳಿಜಾರಿನ ಹೊಲಗಳನ್ನು ಮತ್ತೆ ಕಾಡಾಗಿಸುವ ಯೋಜನೆ ಹೊರಟಿತು. 2018ರಲ್ಲಿ ‘ಪರಿಸರ ನಾಗರಿಕತೆ’ ಎಂಬ ಮಾತು ದೇಶದ ಸಂವಿಧಾನವನ್ನೇ ಸೇರಿತು. ಈ ನಡುವೆ 1996ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕನ್‌ಫ್ಯೂಷಿಯಸನ ಮತವನ್ನೂ ಪರಿಸರವನ್ನೂ ಕುರಿತು ವಿದ್ವಾಂಸರು ಕಲೆತು ಚರ್ಚಿಸಿದರು. ಅಲ್ಲಿ ಅಧ್ಯಾಪಕರಾಗಿದ್ದ ತೂ ವೇಮಿಂಗ್ ಅವರು, ಆಕಾಶ ಭೂಮಿಗಳೊಡನೆ ಮೂರನೆಯವನಾಗಿ ನಿಲ್ಲುವ ಮನುಷ್ಯನು ಅವುಗಳ ಯಜಮಾನನಲ್ಲ, ಸೃಷ್ಟಿಕಾರ್ಯದಲ್ಲಿ ಸಹಾಯಕನು ಎಂಬ ಹಳೆಯ ಮಾತನ್ನು ಹೊಸದಾಗಿ ಎತ್ತಿಹಿಡಿದವರು.

ಕನ್‌ಫ್ಯೂಷಿಯಸನ ಹುಟ್ಟೂರಾದ ಚೂಫುವಿನಲ್ಲಿ ಆತನ ಸಮಾಧಿಯ ಸುತ್ತ ಒಂದು ದೊಡ್ಡ ತೋಪಿದೆ. ಗುರುವು ತೀರಿಕೊಂಡಾಗ ಶಿಷ್ಯರು ತಮ್ಮ ತಮ್ಮ ಸೀಮೆಯ ಗಿಡಗಳನ್ನು ತಂದು ಅಲ್ಲಿ ನೆಟ್ಟರೆಂದು ಐತಿಹ್ಯ. ಸುತ್ತಲಿನ ನಾಡಿನ ಪೈನ್ ಕಾಡುಗಳು ಮಸಿಯಾಗಿ ಹೋದ ಶತಮಾನಗಳಲ್ಲಿಯೂ ಗೋರಿಗಳ ನಡುವಣ ಈ ಮರಗಳನ್ನು ವಂಶಸ್ಥರು ಕಾಯ್ದುಕೊಂಡು ಬಂದರು. 1966ರ ನವೆಂಬರಿನಲ್ಲಿ ಬೀಜಿಂಗಿನಿಂದ ಬಂದ ರೆಡ್ ಗಾರ್ಡ್ ಯುವಕರು ಶಿಲಾಶಾಸನಗಳನ್ನು ಒಡೆದರು, ಗೋರಿಗಳನ್ನು ಅಗೆದರು. ಹಳೆಯ ಸೈಪ್ರೆಸ್ ಮರಗಳು ಇಂದಿಗೂ ನಿಂತಿವೆ. 1994ರಿಂದ ಈ ತೋಪು ವಿಶ್ವಪರಂಪರೆಯ ತಾಣ. ಗುರುವಿನ ನಾಯಿಯನ್ನು ಹೂಳಿದ ಜಿಗುಂಗನು ಇತರ ಶಿಷ್ಯರು ಹೊರಟುಹೋದ ಮೇಲೂ ಗೋರಿಯ ಬಳಿ ಗುಡಿಸಲು ಕಟ್ಟಿಕೊಂಡು, ಒಟ್ಟು ಆರು ವರ್ಷ ಅಲ್ಲಿ ಕಳೆದನು. ಆತನು ನೆಟ್ಟನೆನ್ನುವ ಮರದ ಒಣಗಿದ ಬುಡವನ್ನು ಈಗಲೂ ಕಾಪಾಡಿ ಇಟ್ಟಿದ್ದಾರೆ. ಅದು ‘ಕಾಯ್’ ಎಂಬ ಜಾತಿಯ ಮರ. ಆ ಜಾತಿಯ ಮರದಿಂದ ಚೂಫುವಿನ ಕುಶಲಕರ್ಮಿಗಳು ತಲೆಮಾರುಗಳಿಂದ ಊರುಗೋಲುಗಳನ್ನು ಕೆತ್ತುತ್ತ ಬಂದಿದ್ದಾರೆ.